ಸ್ವಂತ ದುಡ್ಡಿಗೂ ಬಾಡಿಗೆ ಉಂಟು

ತಿಪಟೂರಿನಲ್ಲಿ ನಮ್ಮ ಸೋದರಮಾವನ ಹೋಟೆಲ್ ಇದೆ. ಬಸ್ ಸ್ಟ್ಯಾಂಡಿಗೆ ನಾಲ್ಕು ಹೆಜ್ಜೆ. ಬೆಳಗ್ಗೆ ಐದೂವರೆಗೆ ಇಡ್ಲಿ ಹಬೆ ಏಳುತ್ತದೆ, ರಾತ್ರಿ ಒಂಬತ್ತಕ್ಕೆ ಶಟರ್ ಇಳಿಯುತ್ತದೆ. ಲೆಕ್ಕ ಬರೆಯುವುದು ಇವತ್ತಿಗೂ ಕೆಂಪು ಬಟ್ಟೆ ಹೊದಿಸಿದ ಉದ್ದನೆಯ ಪುಸ್ತಕದಲ್ಲೇ. ಕೆಲವು ವರ್ಷಗಳ ಹಿಂದೆ ಜಿಎಸ್‌ಟಿ ಕೆಲಸಕ್ಕೆಂದು ಆ ಪುಸ್ತಕ ನನ್ನ ಮೇಜಿಗೆ ಬಂತು. ಅಕ್ಕಿ, ಉದ್ದು, ಎಣ್ಣೆ, ಗ್ಯಾಸು, ಕರೆಂಟು, ಭಟ್ಟರ ಸಂಬಳ, ಕ್ಲೀನರ್ ಹುಡುಗರ ಸಂಬಳ, ಎಲ್ಲ ಸಾಲಾಗಿ ಇದ್ದವು. ಕೊನೆಯಲ್ಲಿ ತಿಂಗಳ ಲಾಭ 48 ಸಾವಿರ. ಬಾಡಿಗೆ ಎಂದಿದ್ದ ಕಡೆ ಮಾತ್ರ ಒಂದು ಅಡ್ಡಗೆರೆ.

“ಮಾವ, ಬಾಡಿಗೆ ಯಾಕೆ ಬರ್ದಿಲ್ಲ?”

“ನಂದೇ ಬಿಲ್ಡಿಂಗ್‌ಗೆ ನಾನೇ ಬಾಡಿಗೆ ಕೊಡ್ಲೇನೋ?”

ಅದೇ ಸಾಲಿನ ಮೊಬೈಲ್ ಅಂಗಡಿಯವನು ಅಷ್ಟೇ ಅಗಲದ ಮಳಿಗೆಗೆ ತಿಂಗಳಿಗೆ 35 ಸಾವಿರ ಕೊಡುತ್ತಿದ್ದ. ಮಾವ ಈ ಗಲ್ಲಾ ಬಿಟ್ಟು ಇನ್ನೊಬ್ಬರ ಹೋಟೆಲಿನಲ್ಲಿ ಮ್ಯಾನೇಜರ್ ಆಗಿ ಕೂತರೆ 25 ಸಾವಿರಕ್ಕೆ ಮೋಸವಿಲ್ಲ. ಇವೆರಡನ್ನೂ ಕಳೆದು ನೋಡಿದರೆ 48 ಸಾವಿರದ ಲಾಭ ಹಾರಿಹೋಗಿ 12 ಸಾವಿರ ನಷ್ಟ. ಗ್ರೈಂಡರು, ಫ್ರಿಜ್ಜು, ಮೇಜು ಕುರ್ಚಿಗೆ ಹಾಕಿದ ಹಣ ಬ್ಯಾಂಕಿನಲ್ಲಿದ್ದಿದ್ದರೆ ಬರುತ್ತಿದ್ದ ಬಡ್ಡಿಯನ್ನು ನಾನಿನ್ನೂ ಸೇರಿಸಿಯೇ ಇರಲಿಲ್ಲ. ಮಾವನಿಗೆ ಹೇಳಿದೆ. “ಓದಿದೋರ ಲೆಕ್ಕ ಬಿಡಪ್ಪ” ಎಂದು ಕಾಫಿ ತರಿಸಿದರು.

ಆ ಅಡ್ಡಗೆರೆ ತಿಪಟೂರಿನ ಕೆಂಪು ಪುಸ್ತಕದಲ್ಲಿ ಮಾತ್ರ ಇದ್ದಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ದೇಶದ ಎಲ್ಲ ಕಂಪನಿಗಳ ಲಾಭ-ನಷ್ಟದ ಪಟ್ಟಿಯಲ್ಲೂ ಅದು ಇದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಬ್ಯಾಂಕಿಗೆ ಕಟ್ಟಿದ ಬಡ್ಡಿಯನ್ನು ಖರ್ಚೆಂದು ಕಳೆಯುತ್ತಾರೆ. ಷೇರುದಾರರು ಹಾಕಿದ ಹಣಕ್ಕೆ, ಕಂಪನಿ ಹಂಚದೆ ಒಳಗೇ ಉಳಿಸಿಕೊಂಡ ಹಿಂದಿನ ವರ್ಷಗಳ ಲಾಭಕ್ಕೆ, ಏನನ್ನೂ ಕಳೆಯುವುದಿಲ್ಲ. ಲೆಕ್ಕ ಬರೆಯುವ ನಿಯಮ ಇರುವುದೇ ಹಾಗೆ. ನಾನೂ ಹಾಗೆಯೇ ಸಹಿ ಹಾಕುತ್ತೇನೆ. ತಕರಾರು ಇರುವುದು ಆ ಪಟ್ಟಿಯನ್ನು ಓದಿ ನಮ್ಮ ಜನ ಕಟ್ಟಿಕೊಂಡಿರುವ ನಂಬಿಕೆಯ ಬಗ್ಗೆ. ಸಾಲವಿಲ್ಲದ ಕಂಪನಿಯೇ ಒಳ್ಳೆಯ ಕಂಪನಿ, ಸಾಲದ ಹಣಕ್ಕೆ ಬಡ್ಡಿ ಉಂಟು, ಷೇರಿನ ಹಣ ಪುಕ್ಕಟೆ ಎಂಬ ಮಾತನ್ನು ಟಿವಿಯಲ್ಲಿ ಷೇರು ಸಲಹೆ ಕೊಡುವವರು ಹೇಳುತ್ತಾರೆ, ನಿವೃತ್ತರ ವಾಟ್ಸಾಪ್ ಗುಂಪಿನಲ್ಲಿ ಹೇಳುತ್ತಾರೆ. ಸರ್ವಜ್ಞನ ಸಾಲದ ತ್ರಿಪದಿ ಎಲ್ಲರಿಗೂ ಬಾಯಿಪಾಠವಾಗಿರುವ ನಾಡಿನಲ್ಲಿ ಈ ಮಾತಿಗೆ ಎದುರು ಹೇಳುವುದು ಕಷ್ಟ. ಆದರೆ ಆ ಎಚ್ಚರಿಕೆ ಒಪ್ಪುವುದು ಸಾಲ ತಂದು ಉಂಡು ಮುಗಿಸುವವನಿಗೆ. ಸಾಲ ತಂದು ಗಿರಣಿ ಹಾಕುವವನ ವಿಷಯ ಬೇರೆ.

ಬಡ್ಡಿ ಎಂಬ ಹೆಸರಿಲ್ಲದಿದ್ದರೂ ಹಣಕ್ಕೆ ಬೆಲೆ ಇರುತ್ತದೆ ಎನ್ನುವುದು ಚೀಟಿ ಹಾಕಿದವರಿಗೆಲ್ಲ ಗೊತ್ತು. ಐದು ಲಕ್ಷದ ಚೀಟಿಯನ್ನು ಮಗಳ ಮದುವೆಗೆಂದು ಮೊದಲ ತಿಂಗಳಲ್ಲೇ ಕೂಗಿ ನಾಲ್ಕು ಲಕ್ಷಕ್ಕೆ ಎತ್ತಿದವನ ಮುಂದೆ ಯಾರೂ ಬಡ್ಡಿಯ ಮಾತು ಆಡುವುದಿಲ್ಲ. ಬಿಟ್ಟುಕೊಟ್ಟ ಆ ಒಂದು ಲಕ್ಷ ಏನು ಎಂದು ಅವನ ಹೆಂಡತಿಯನ್ನು ಕೇಳಿ, ಹೇಳುತ್ತಾಳೆ. ಷೇರುದಾರನದೂ ಹೀಗೆಯೇ. ಬ್ಯಾಂಕಿನವನು ತನ್ನ ದರವನ್ನು ಕಾಗದದ ಮೇಲೆ ಬರೆಸಿಕೊಂಡು ಹಣ ಕೊಡುತ್ತಾನೆ. ಷೇರುದಾರ ಮನಸ್ಸಿನಲ್ಲೇ ಇಟ್ಟುಕೊಂಡು ಕೊಡುತ್ತಾನೆ. ಎಫ್‌ಡಿಯಲ್ಲಿ ಕಣ್ಣುಮುಚ್ಚಿಕೊಂಡು ಬಡ್ಡಿ ಸಿಗುವಾಗ, ಅದಕ್ಕಿಂತ ಹೆಚ್ಚು ಬರುತ್ತದೆಂಬ ಆಸೆಯಿಲ್ಲದೆ ಯಾರು ಷೇರಿಗೆ ಬರುತ್ತಾರೆ? ಕಂಪನಿ ಮುಳುಗಿದರೆ ಹಣ ವಾಪಸು ಪಡೆಯುವ ಸರದಿಯಲ್ಲಿ ಅವನದು ಕಟ್ಟಕಡೆಯ ಜಾಗ. 2016ರ ದಿವಾಳಿ ಕಾಯ್ದೆ ಅಡಮಾನದ ಮೇಲೆ ಸಾಲ ಕೊಟ್ಟವರು, ಕಾರ್ಮಿಕರು, ಸರ್ಕಾರ ಎಲ್ಲರನ್ನೂ ಮುಂದೆ ನಿಲ್ಲಿಸಿ ಅವನನ್ನು ಹಿಂದೆ ನಿಲ್ಲಿಸಿದೆ. ಕೊನೆಯಲ್ಲಿ ಉಣ್ಣಲು ಕೂರುವವನು ಹೆಚ್ಚು ಕೇಳುತ್ತಾನೆ. ಹಾಗಾಗಿ ಕಂಪನಿಯೊಳಗೆ ಎಲ್ಲಕ್ಕಿಂತ ದುಬಾರಿ ಹಣ ಯಾವುದೆಂದರೆ, ಜನ ಪುಕ್ಕಟೆ ಎಂದುಕೊಂಡಿರುವ ಈ ಷೇರಿನ ಹಣವೇ.

ಕರ್ನಾಟಕದಲ್ಲಿ ಸಾಲದ ಬಗೆಗಿನ ನಂಬಿಕೆಗೆ ಎರಡು ಕತೆಗಳು ಆಸರೆಯಾಗಿ ನಿಂತಿವೆ. ಸಾಲ ಮಾಡಿ ಕಿಂಗ್‌ಫಿಷರ್ ಕೆಟ್ಟಿತು. ಸಾಲ ಮಾಡದೆ ಇನ್ಫೋಸಿಸ್ ಬೆಳೆಯಿತು. ಎರಡನ್ನೂ ಸ್ವಲ್ಪ ಹತ್ತಿರದಿಂದ ನೋಡಬೇಕು.

ಕಿಂಗ್‌ಫಿಷರ್ ಏರ್‌ಲೈನ್ಸ್ ಹಾರಲು ಶುರು ಮಾಡಿದ್ದು 2005ರ ಮೇ ತಿಂಗಳಲ್ಲಿ, ನಿಂತದ್ದು 2012ರ ಅಕ್ಟೋಬರಿನಲ್ಲಿ. ನಡುವೆ ಒಂದೇ ಒಂದು ವರ್ಷವೂ ಲಾಭ ಕಾಣಲಿಲ್ಲ. ಮಾಲೀಕ ವಿಜಯ್ ಮಲ್ಯರ ಐಷಾರಾಮದ ಕತೆಗಳ ಅಬ್ಬರದಲ್ಲಿ ಈ ಒಂದು ಸಾಲು ಮರೆತೇಹೋಗಿದೆ. ಬಡ್ಡಿ ಕಟ್ಟುವುದು ಆಮೇಲಿನ ಮಾತು. ಟಿಕೆಟ್ ಮಾರಿ ಬಂದ ಹಣದಲ್ಲಿ ಇಂಧನ, ಬಾಡಿಗೆ ವಿಮಾನ, ಸಂಬಳದ ಖರ್ಚು ತೂಗಿಸುವುದೇ ಆ ಕಂಪನಿಗೆ ಏದುಸಿರಾಗಿತ್ತು. ಕ್ಯಾಪ್ಟನ್ ಗೋಪಿನಾಥರು ಜನಸಾಮಾನ್ಯರಿಗೆಂದು ಕಟ್ಟಿದ ಏರ್ ಡೆಕ್ಕನ್ ಅನ್ನು ಕೊಂಡು ತನ್ನ ದುಬಾರಿ ಸೀಟಿನ ವ್ಯವಹಾರಕ್ಕೆ ಸೇರಿಸಿಕೊಂಡಿತು. 2008ರ ಜುಲೈ ಹೊತ್ತಿಗೆ ಕಚ್ಚಾ ತೈಲ ಬ್ಯಾರೆಲಿಗೆ 147 ಡಾಲರ್ ಮುಟ್ಟಿತು. ಸಾಲ ಆ ಗಾಯದಿಂದ ಸುರಿದ ರಕ್ತ. ಗಾಯ ಬೇರೆ ಕಡೆ ಇತ್ತು.

ಇದಕ್ಕೆ ಪುರಾವೆ ಬೇಕಿದ್ದರೆ 2011ರಲ್ಲಿ ನಡೆದದ್ದನ್ನು ನೋಡಿ. ಆ ವರ್ಷ ಬ್ಯಾಂಕುಗಳು ತಮ್ಮ ಸಾಲದಲ್ಲಿ ಸುಮಾರು 750 ಕೋಟಿಯನ್ನು ಕಂಪನಿಯ ಷೇರುಗಳಾಗಿ ಬದಲಿಸಿಕೊಂಡವು. ಷೇರಿಗೆ 64.48 ರೂಪಾಯಿ ಲೆಕ್ಕ. ಪೇಟೆಯಲ್ಲಿ ಅದೇ ಷೇರು 40 ರೂಪಾಯಿಯ ಆಸುಪಾಸಿನಲ್ಲಿ ಬಿದ್ದಿತ್ತು. ಷೇರಿನ ಹಣ ಪುಕ್ಕಟೆ ಎಂಬುದು ನಿಜವಾಗಿದ್ದರೆ ಅಂದಿನಿಂದ ಕಿಂಗ್‌ಫಿಷರಿಗೆ ಉಸಿರು ಬರಬೇಕಿತ್ತು. 750 ಕೋಟಿಯ ಮೇಲೆ ಬಡ್ಡಿಯೇ ನಿಂತುಹೋಯಿತಲ್ಲ! ಒಂದೂವರೆ ವರ್ಷಕ್ಕೆ ಕೊನೆಯ ವಿಮಾನ ಇಳಿಯಿತು. ಆ ಹಣ ಬಡ್ಡಿ ಕೇಳದ ಹಣವಾಯಿತು, ನಿಜ. ಬೆಲೆಯಿಲ್ಲದ ಹಣವಾಗಲಿಲ್ಲ. ಬೆಲೆಯನ್ನು ಕಂಪನಿಯ ಬದಲು ಬ್ಯಾಂಕುಗಳು ತೆತ್ತವು. ಅವುಗಳಲ್ಲಿ ಹೆಚ್ಚಿನವು ಸರ್ಕಾರಿ ಬ್ಯಾಂಕುಗಳಾದ್ದರಿಂದ ಕೊನೆಗೆ ತೆತ್ತವರು ನಾವು ನೀವೇ.

ಸಾಲ ಇಲ್ಲದೆ ಬರೀ ಷೇರಿನ ಹಣದಲ್ಲೇ ಆ ವಿಮಾನಗಳನ್ನು ಹಾರಿಸಿದ್ದರೆ ಏನಾಗುತ್ತಿತ್ತು? ಇನ್ನೂ ಕೆಲವು ವರ್ಷ ಹಾರುತ್ತಿದ್ದವು, ಇನ್ನೂ ಹೆಚ್ಚು ಹಣ ಕರಗುತ್ತಿತ್ತು. ಸಾಲಕ್ಕೆ ಒಂದು ಗುಣವಿದೆ: ತಿಂಗಳು ತಿಂಗಳು ಬಾಗಿಲು ಬಡಿಯುತ್ತದೆ. ಷೇರಿನ ಹಣ ಸಭ್ಯ ನೆಂಟನ ಹಾಗೆ, ಊಟ ತಡವಾದರೂ ಜಗಲಿಯಲ್ಲಿ ಸುಮ್ಮನೆ ಕೂತಿರುತ್ತದೆ. ಅವನಿಗೆ ಹಸಿವಿಲ್ಲ ಎಂದುಕೊಳ್ಳುವುದು ಮನೆಯವರ ದಡ್ಡತನ.

ಈಗ ಇನ್ಫೋಸಿಸ್. 1981ರಲ್ಲಿ ಪುಣೆಯಲ್ಲಿ ಏಳು ಜನ 10 ಸಾವಿರ ರೂಪಾಯಿಯಲ್ಲಿ ಶುರು ಮಾಡಿದ್ದು, 1983ರಲ್ಲಿ ಬೆಂಗಳೂರಿಗೆ ಬಂದದ್ದು, 1993ರಲ್ಲಿ 95 ರೂಪಾಯಿಗೆ ಷೇರು ಕೊಟ್ಟಾಗ ಕೊಳ್ಳುವವರು ಸಾಲದೆ ಮಾರ್ಗನ್ ಸ್ಟ್ಯಾನ್ಲಿ ಕೈಹಿಡಿದದ್ದು, ಇವೆಲ್ಲ ಈಗ ಪುರಾಣದಷ್ಟೇ ಪರಿಚಿತ. ಸಾಲ ಮಾಡದ್ದನ್ನು ಇದರಲ್ಲಿ ಒಂದು ವ್ರತದಂತೆ ಹೇಳುತ್ತಾರೆ. ಬ್ಯಾಂಕಿನ ಕಡೆಯಿಂದ ನೋಡಿ. ಸಾಫ್ಟ್‌ವೇರ್ ಎಂದರೆ ಏನೆಂದೇ ತಿಳಿಯದ ಕಾಲದಲ್ಲಿ, ಅಡವಿಡಲು ಯಂತ್ರವಿಲ್ಲ, ಗೋದಾಮಿಲ್ಲ, ದಾಸ್ತಾನಿಲ್ಲ. ಇರುವ ಆಸ್ತಿಯೆಲ್ಲ ಸಂಜೆ ಆರಕ್ಕೆ ಬಸ್ಸು ಹತ್ತಿ ಮನೆಗೆ ಹೋಗುತ್ತದೆ. ಅಂಥ ವ್ಯವಹಾರಕ್ಕೆ ಸಾಲ ಒಗ್ಗುವುದಿಲ್ಲ. ಇನ್ಫೋಸಿಸ್ ಸಾಲ ಮಾಡದಿದ್ದದ್ದು ಸರಿಯೇ, ಆದರೆ ಜನ ಹೇಳುವ ಕಾರಣಕ್ಕಲ್ಲ.

ಜನ ಮರೆತಿರುವ ಇನ್ನೊಂದು ಸಂಗತಿ ನನಗೆ ಬಹಳ ಇಷ್ಟ. ಸಾಲವಿಲ್ಲದ ಕಂಪನಿಗೆ ಮಾದರಿ ಎಂದು ಎಲ್ಲರೂ ಬೆರಳು ತೋರಿಸುವ ಈ ಇನ್ಫೋಸಿಸ್ಸೇ 1990ರ ದಶಕದ ಕೊನೆಯಿಂದ ಹಲವು ವರ್ಷ ತನ್ನ ವಾರ್ಷಿಕ ವರದಿಯಲ್ಲಿ ಒಂದು ಹೆಚ್ಚುವರಿ ಪಟ್ಟಿಯನ್ನು ಅಚ್ಚು ಹಾಕುತ್ತಿತ್ತು. ಕಾನೂನು ಅದನ್ನು ಕೇಳಿರಲಿಲ್ಲ. ಅಮೆರಿಕದ ಸ್ಟರ್ನ್ ಸ್ಟುವರ್ಟ್ ಎಂಬ ಸಲಹಾ ಸಂಸ್ಥೆ ಇವಿಎ ಎಂಬ ಹೆಸರಿನಲ್ಲಿ ಪ್ರಚಾರಕ್ಕೆ ತಂದ ಲೆಕ್ಕ ಅದು. ಸರ್ಕಾರಿ ಬಾಂಡಿನ ದರವನ್ನು ಮೊದಲು ಹಿಡಿ; ಷೇರುಪೇಟೆಯ ಅಪಾಯಕ್ಕೆಂದು ಜನ ಕೇಳುವ ಹೆಚ್ಚಿನ ಪಾಲನ್ನು, ಈ ಷೇರು ಪೇಟೆಗೆ ಹೋಲಿಸಿದರೆ ಎಷ್ಟು ಏರಿಳಿಯುತ್ತದೆ ಎಂಬ ಬೀಟಾದಿಂದ ಗುಣಿಸಿ ಅದಕ್ಕೆ ಕೂಡು. ಬಂದದ್ದು ಷೇರುದಾರರ ಹಣದ ವೆಚ್ಚ. ಸಾಲವೇ ಇಲ್ಲವಾದ್ದರಿಂದ ಅದೇ ಇಡೀ ಬಂಡವಾಳದ ವೆಚ್ಚ. ತೊಡಗಿಸಿದ ಬಂಡವಾಳದ ಮೇಲೆ ಆ ದರದ ಮೊತ್ತವನ್ನು ತೆರಿಗೆ ಕಳೆದ ಲಾಭದಿಂದ ಕಳೆದು, ಮಿಕ್ಕದ್ದಷ್ಟೇ ನಾವು ಹೊಸದಾಗಿ ಹುಟ್ಟಿಸಿದ್ದು ಎಂದು ಕಂಪನಿ ತಾನೇ ಬರೆದುಕೊಳ್ಳುತ್ತಿತ್ತು. ನಮ್ಮ ಮಾವ ಅಡ್ಡಗೆರೆ ಎಳೆದ ಜಾಗದಲ್ಲಿ ಅವರು ಬಾಡಿಗೆಯನ್ನು ತುಂಬಿದ್ದರು. ಇನ್ಫೋಸಿಸ್ಸನ್ನು ನೋಡಿ ಕಲಿಯುವವರು ಸಾಲವಿಲ್ಲ ಎಂಬುದನ್ನು ಕಲಿತರು, ಈ ಪಟ್ಟಿಯನ್ನು ಬಿಟ್ಟರು.

ಕಾಲಕ್ರಮೇಣ ಅದೇ ಕಂಪನಿಯಲ್ಲಿ ಇನ್ನೊಂದು ಪ್ರಶ್ನೆ ಎದ್ದಿತು. ವರ್ಷ ವರ್ಷ ಲಾಭ ಉಳಿದೂ ಉಳಿದೂ 2017ರ ಹೊತ್ತಿಗೆ ನಗದು ಮತ್ತು ನಗದಿನಂಥ ಹೂಡಿಕೆಯೇ 35 ಸಾವಿರ ಕೋಟಿ ದಾಟಿತ್ತು. ಇಷ್ಟು ಹಣ ಯಾಕೆ ಕೊಳೆಯುತ್ತಿದೆ, ಷೇರುದಾರರಿಗೆ ಹಿಂದಿರುಗಿಸಿ ಎಂದು 2014ರಲ್ಲೇ ಪತ್ರ ಬರೆದವರಲ್ಲಿ ಆ ಕಂಪನಿಯ ಹಳೆಯ ಹಣಕಾಸು ಮುಖ್ಯಸ್ಥರಾದ ಬಾಲಕೃಷ್ಣನ್ ಮತ್ತು ಮೋಹನದಾಸ್ ಪೈ ಇದ್ದರು. ಅವರು ಸೂಚಿಸಿದ್ದು 11,200 ಕೋಟಿಯ ಬೈಬ್ಯಾಕ್, ಅಂದರೆ ಕಂಪನಿಯೇ ತನ್ನ ಷೇರುಗಳನ್ನು ವಾಪಸು ಕೊಳ್ಳುವುದು. 2017ರ ಆಗಸ್ಟಿನಲ್ಲಿ ಸಿಇಒ ವಿಶಾಲ್ ಸಿಕ್ಕಾ ರಾಜೀನಾಮೆ ಕೊಟ್ಟ ಮರುದಿನವೇ ಆಡಳಿತ ಮಂಡಳಿ 13,000 ಕೋಟಿಯ ಬೈಬ್ಯಾಕಿಗೆ ಒಪ್ಪಿತು, ಷೇರಿಗೆ 1,150 ರೂಪಾಯಿಯಂತೆ.

ಓದಿದವರ ವಲಯದಲ್ಲಿ ಹರಿದಾಡುವ ತಪ್ಪೊಂದು ಇಲ್ಲಿಂದಲೇ ಹುಟ್ಟುತ್ತದೆ, ಅದನ್ನೂ ಒಪ್ಪಲಾರೆ. ಷೇರುದಾರರು ಕೇಳುವುದು ಶೇ. 12, ಎಫ್‌ಡಿ ಕೊಡುವುದು ಶೇ. 7, ಆದ್ದರಿಂದ ಎಫ್‌ಡಿಯಲ್ಲಿಟ್ಟ ಪ್ರತಿ ನೂರು ರೂಪಾಯಿಗೂ ವರ್ಷಕ್ಕೆ ಐದು ರೂಪಾಯಿ ನಷ್ಟ ಎಂದು ಅವರ ವಾದ. ಷೇರುದಾರರು ಶೇ. 12 ಕೇಳಿದ್ದು ಸಾಫ್ಟ್‌ವೇರ್ ವ್ಯವಹಾರದ ಅಪಾಯ ಹೊತ್ತದ್ದಕ್ಕೆ. ಬ್ಯಾಂಕಿನಲ್ಲಿ ಭದ್ರವಾಗಿ ಕೂತ ಹಣಕ್ಕೆ ಆ ಅಪಾಯವಿಲ್ಲ, ಆದ್ದರಿಂದ ಆ ಬೆಲೆಯೂ ಇಲ್ಲ. ಹಣಕ್ಕೆ ದರ ಕಟ್ಟಬೇಕಾದದ್ದು ಅದು ಯಾರ ಜೇಬಿನಿಂದ ಬಂತು ಎಂದು ನೋಡಿ ಅಲ್ಲ, ಯಾವ ಕೆಲಸಕ್ಕೆ ಹೋಯಿತು ಎಂದು ನೋಡಿ. ಒಂದೇ ಬಾವಿಯ ನೀರು ತೆಂಗಿಗೂ ಹೋಗುತ್ತದೆ, ಪಾತ್ರೆ ತೊಳೆಯಲೂ ಹೋಗುತ್ತದೆ.

ಹಾಗಿದ್ದರೆ ಕೂಡಿಟ್ಟ ಹಣದಿಂದ ತೊಂದರೆಯೇ ಇಲ್ಲವೇ? ಇದೆ, ಬೇರೆ ಜಾಗದಲ್ಲಿದೆ. ಬಡ್ಡಿಯ ಮೇಲೆ ಕಂಪನಿ ತೆರಿಗೆ ಕಟ್ಟಬೇಕು, ಅದು ಒಂದು ಸೋರಿಕೆ. ಅದಕ್ಕಿಂತ ದೊಡ್ಡದು, ಕೈಯಲ್ಲಿ ದುಡ್ಡು ಆಡುವಾಗ ಹುಟ್ಟುವ ಬಯಕೆ. 2015ರಲ್ಲಿ ಇನ್ಫೋಸಿಸ್ 200 ಮಿಲಿಯನ್ ಡಾಲರಿಗೆ ಪನಾಯಾ ಎಂಬ ಕಂಪನಿಯನ್ನು ಕೊಂಡಿತು. 2018ರಲ್ಲಿ ಅದನ್ನೇ ಮಾರಾಟಕ್ಕಿಟ್ಟು ಪುಸ್ತಕದಲ್ಲಿ ಬೆಲೆ ಇಳಿಸಿಕೊಳ್ಳಬೇಕಾಯಿತು. ಆ ಖರೀದಿಯ ಸುತ್ತ ಎದ್ದ ಆರೋಪಗಳ ಗೋಜಿಗೆ ನಾನು ಹೋಗುವುದಿಲ್ಲ. ತನಿಖೆಯಲ್ಲಿ ತಪ್ಪು ಸಿಗಲಿಲ್ಲ. ನನ್ನ ಪ್ರಶ್ನೆ ಬೆಲೆಯದು ಮಾತ್ರ. ಅಷ್ಟೂ ಹಣವನ್ನು ಹೊಸದಾಗಿ ಷೇರುದಾರರ ಮುಂದೆ ಕೈಯೊಡ್ಡಿಯೋ ಬ್ಯಾಂಕಿನ ಮೆಟ್ಟಿಲು ಹತ್ತಿಯೋ ತರಬೇಕಿದ್ದರೆ ಅದೇ ಬೆಲೆಗೆ ಕೊಳ್ಳುತ್ತಿದ್ದರೇ? ಅರ್ಥಶಾಸ್ತ್ರಜ್ಞ ಮೈಕೇಲ್ ಜೆನ್ಸನ್ 1986ರಲ್ಲಿ ಬರೆದ ಪ್ರಸಿದ್ಧ ಲೇಖನದ ವಾದವೂ ಇದೇ: ಬೇರೆ ಕೆಲಸವಿಲ್ಲದ ನಗದು ಮ್ಯಾನೇಜರುಗಳ ಕೈಯಲ್ಲಿ ಉಳಿದರೆ ಅದು ಕೆಲಸ ಹುಡುಕಿಕೊಳ್ಳುತ್ತದೆ.

ಹಾಗೆಂದು ನಾನು ಸಾಲದ ವಕೀಲನಲ್ಲ. ಎಂಬಿಎ ಮುಗಿಸಿ ಬಂದ ಹುಡುಗರು ಇನ್ನೊಂದು ತುದಿಗೆ ಜಿಗಿಯುತ್ತಾರೆ. ಸಾಲಕ್ಕೆ ಶೇ. 9, ಷೇರಿಗೆ ಶೇ. 14, ಹಾಗಾದರೆ ಷೇರು ಕಡಿಮೆ ಮಾಡಿ ಸಾಲ ಹೆಚ್ಚಿಸಿದರೆ ಸರಾಸರಿ ಇಳಿಯುತ್ತದಲ್ಲ ಸಾರ್ ಎನ್ನುತ್ತಾರೆ. ಇದಕ್ಕೆ ಅರ್ಥಶಾಸ್ತ್ರಜ್ಞರಾದ ಮೊಡಿಗ್ಲಿಯಾನಿ ಮತ್ತು ಮಿಲ್ಲರ್ 1958ರಲ್ಲೇ ಉತ್ತರ ಬರೆದಿಟ್ಟಿದ್ದಾರೆ. ಸಾಲ ಏರಿದಂತೆ ಹಿಂದೆ ನಿಂತ ಷೇರುದಾರನ ಅಪಾಯವೂ ಏರುತ್ತದೆ, ಅವನು ಕೇಳುವ ದರವೂ ಏರುತ್ತದೆ. ಇಲ್ಲಿ ಉಳಿಸಿದ್ದನ್ನು ಅಲ್ಲಿ ಕೊಡುತ್ತೀರಿ. ದೋಸೆಯನ್ನು ನಾಲ್ಕು ತುಂಡು ಮಾಡಿದರೂ ಆರು ಮಾಡಿದರೂ ಹಿಟ್ಟು ಅಷ್ಟೇ. ವ್ಯತ್ಯಾಸ ಮಾಡುವುದು ತೆರಿಗೆ. ಬಡ್ಡಿಯನ್ನು ಖರ್ಚೆಂದು ಒಪ್ಪುವ ಸರ್ಕಾರ ಡಿವಿಡೆಂಡನ್ನು ಒಪ್ಪುವುದಿಲ್ಲ. ಶೇ. 25.17ರ ಕಂಪನಿ ತೆರಿಗೆಯಲ್ಲಿ ಶೇ. 9ರ ಸಾಲ ನಿಜವಾಗಿ ಬೀಳುವುದು ಶೇ. 6.7ರ ಸುಮಾರಿಗೆ. ಆ ಉಳಿತಾಯ ಸಣ್ಣದಲ್ಲ, ಆದರೆ ಅದು ಸಿಗುವುದು ತೆರಿಗೆ ಕಟ್ಟುವಷ್ಟು ಲಾಭ ಇದ್ದವರಿಗೆ. ಲಾಭವನ್ನೇ ಕಾಣದ ವಿಮಾನ ಕಂಪನಿಗೆ ಆ ರಿಯಾಯಿತಿ ಇದ್ದೂ ಇಲ್ಲದಂತೆ.

ಕಂಪನಿಗೆ ಬೆಲೆ ಕಟ್ಟುವ ಕೆಲಸಕ್ಕೆ ಬಂದಾಗ ಈ ದರದ ಪ್ರತಾಪ ತಿಳಿಯುತ್ತದೆ. ಮುಂದಿನ ವರ್ಷ 100 ಕೋಟಿ ಕೈಗೆ ಉಳಿಸುವ, ಆಮೇಲೆ ಆ ಮೊತ್ತ ವರ್ಷಕ್ಕೆ ಶೇ. 5ರಂತೆ ಬೆಳೆಯುತ್ತ ಹೋಗುವ ಕಂಪನಿ ಒಂದಿದೆ ಎನ್ನಿ. ಬಂಡವಾಳದ ವೆಚ್ಚ ಶೇ. 12 ಎಂದು ಹಿಡಿದರೆ ಅದರ ಬೆಲೆ ಸುಮಾರು 1,430 ಕೋಟಿ. ಶೇ. 11 ಎಂದರೆ 1,667 ಕೋಟಿ. ಶೇ. 10ಕ್ಕೆ ಇಳಿಸಿದರೆ 2,000 ಕೋಟಿ. ಒಂದು ಇಟ್ಟಿಗೆ ಹೆಚ್ಚಾಗಿಲ್ಲ, ಒಬ್ಬ ಗಿರಾಕಿ ಹೆಚ್ಚಾಗಿಲ್ಲ, ಎಕ್ಸೆಲ್ ಶೀಟಿನ ಒಂದು ಮನೆಯಲ್ಲಿ 12 ಅಳಿಸಿ 10 ಬರೆದದ್ದಕ್ಕೆ 570 ಕೋಟಿ ಹುಟ್ಟಿತು. ನನ್ನ ಹತ್ತಿರ ಮೌಲ್ಯಮಾಪನದ ವರದಿ ಕೇಳಿ ಬರುವವರಲ್ಲಿ ಅನೇಕರು ಬೆಲೆಯನ್ನು ಆಗಲೇ ಕುದುರಿಸಿಕೊಂಡೇ ಬಂದಿರುತ್ತಾರೆ. ಅವರಿಗೆ ಬೇಕಿರುವುದು ಅದಕ್ಕೆ ತಕ್ಕ ದರ.

ಕಿಂಗ್‌ಫಿಷರಿನ ಹೆಸರು ಮತ್ತು ಲಾಂಛನವನ್ನು ಸಾಲಕ್ಕೆ ಅಡವಿಟ್ಟಾಗ ಅದಕ್ಕೆ ಕಟ್ಟಿದ್ದ ಬೆಲೆ 4,000 ಕೋಟಿಗೂ ಮೇಲೆ. ಆ ವರದಿಯಲ್ಲೂ ಮುಂದಿನ ವರ್ಷಗಳ ಗಳಿಕೆ ಇದ್ದೀತು, ಒಂದು ದರ ಇದ್ದೀತು, ದಶಾಂಶ ಬಿಂದುಗಳೂ ಇದ್ದಾವು. 2016ರ ಏಪ್ರಿಲ್ 30ರಂದು ಬ್ಯಾಂಕುಗಳು ಅದನ್ನು ಹರಾಜಿಗಿಟ್ಟವು. ಕನಿಷ್ಠ ಬೆಲೆ 366.70 ಕೋಟಿ. ಒಬ್ಬನೂ ಕೂಗಲಿಲ್ಲ.

ಇದನ್ನೇ ಹಿಡಿದು ಕೆಲವರು ಕೇಳುತ್ತಾರೆ: ಇಷ್ಟೊಂದು ಹಿಗ್ಗಿಸಿ ಕುಗ್ಗಿಸಬಹುದಾದ ದರವನ್ನು ನಂಬುವುದು ಹೇಗೆ, ಲೆಕ್ಕದಿಂದಲೇ ಬಿಟ್ಟರಾಗದೇ? ನ್ಯಾಯವಾದ ಪ್ರಶ್ನೆ. ಮಾವನ ಮಳಿಗೆಯ ಬಾಡಿಗೆಯೂ 35 ಸಾವಿರವೇ ಎಂದು ನಾನು ಆಣೆ ಮಾಡಲಾರೆ. 32 ಇರಬಹುದು, 38 ಇರಬಹುದು. ಸೊನ್ನೆಯಂತೂ ಅಲ್ಲ. ದರ ಖಚಿತವಾಗಿ ತಿಳಿಯದು ಎಂದು ಅಡ್ಡಗೆರೆ ಎಳೆದವರು ದರವನ್ನು ಬಿಟ್ಟಂತಾಗಲಿಲ್ಲ. ಖಂಡಿತ ತಪ್ಪೆಂದು ಗೊತ್ತಿರುವ ಏಕೈಕ ಅಂಕಿಯನ್ನೇ ಆರಿಸಿಕೊಂಡಂತಾಯಿತು. ಅಂದಾಜು ಅಂಕಿಯನ್ನಾದರೆ ಇನ್ನೊಬ್ಬರು ಬಂದು ಪ್ರಶ್ನಿಸಬಹುದು, ಯಾಕೆ 10, ಯಾಕೆ 12 ಅಲ್ಲ ಎಂದು ಜಗಳವಾಡಬಹುದು. ಅಡ್ಡಗೆರೆಯೊಂದಿಗೆ ಜಗಳವಾಡುವುದು ಹೇಗೆ? ಅದು ಏನನ್ನೂ ಹೇಳಿಯೇ ಇಲ್ಲವಲ್ಲ. ಕಂಪನಿಗಳ ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಸಾಲ ತೀರಿಸಿದ್ದಕ್ಕೆ ಅಧ್ಯಕ್ಷರಿಗೆ ವಂದನೆ ಹೇಳುವ ಹಿರಿಯರನ್ನು ಕಂಡಾಗ ನನಗೆ ಅನಿಸುವುದು ಇಷ್ಟೆ: ಸ್ವಾಮಿ, ಅವರು ತೀರಿಸಿದ್ದು ನಿಮ್ಮ ಹಣದಿಂದ. ನಿಮ್ಮ ಹಣಕ್ಕೆ ಎಷ್ಟು ದರ ಹಿಡಿದಿದ್ದೀರಿ ಎಂದು ಒಮ್ಮೆ ಕೇಳಿ.

ಹೋದ ವರ್ಷ ಮಾವನಿಗೆ ಮಂಡಿನೋವು ಜೋರಾಗಿ ಹೋಟೆಲ್ ಕೊಟ್ಟುಬಿಡೋಣ ಎಂದರು. ಅರಸೀಕೆರೆ ಕಡೆಯ ಒಬ್ಬರು ನೋಡಲು ಬಂದರು. ಇಪ್ಪತ್ತಾರು ವರ್ಷದ ಹೆಸರು, ಬೆಳಗಿನ ಹೊತ್ತು ನಿಲ್ಲಲು ಜಾಗವಿಲ್ಲದಷ್ಟು ಗಿರಾಕಿ ಎಂದು ಮಾವ ವಿವರಿಸಿದರು. ಬಂದವರು ಕಟ್ಟಡಕ್ಕೆ ಬಾಡಿಗೆ ಎಷ್ಟು ಎಂದು ಕೇಳಿದರು. ಮಾವ ಒಂದು ಕ್ಷಣವೂ ಯೋಚಿಸದೆ 35 ಸಾವಿರ ಎಂದರು. ಅವರು ಮೊಬೈಲ್ ತೆಗೆದು ಏನೋ ಒತ್ತಿ ನೋಡಿದರು, ಮತ್ತೊಮ್ಮೆ ಒತ್ತಿದರು. ಆಮೇಲೆ ಅಡುಗೆಮನೆ ಕಡೆ ಇಣುಕಿ, “ಆ ದೋಸೆ ಹಂಚು ಮಾತ್ರ ಕೊಡೋ ಹಾಗಿದ್ರೆ ಹೇಳಿ ಯಜಮಾನ್ರೇ” ಎಂದರು.